34ನೇ ವಾರ: ಮಗ್ಗುಲು ಬದಲಿಸುವುದೇ ಒಂದು ದೊಡ್ಡ ಕೆಲಸ ಆಗಿದೆ

ನಿದ್ದೆಗೆಟ್ಟವಳು · ಸೋಮವಾರ, ಬೆಳಗಿನ ಜಾವ 3.10

ಎಲ್ಲರಿಗೂ ನಮಸ್ಕಾರ. ಮೊದಲನೇ ಬಸಿರು, 34 ವಾರ ತುಂಬಿದೆ. ಮನೆ ಬನಶಂಕರಿ ಕಡೆ, ಆಫೀಸು ಔಟರ್ ರಿಂಗ್ ರೋಡಿನಲ್ಲಿ. ವಾರಕ್ಕೆ ಮೂರು ದಿನ ಹೋಗಲೇಬೇಕು.

ರಾತ್ರಿ ಮಗ್ಗುಲು ಬದಲಿಸಿದರೆ ಕೆಳಹೊಟ್ಟೆಯ ಕೆಳಗೆ, ಮುಂದುಗಡೆ ಮೂಳೆ ಇದೆಯಲ್ಲ, ಅಲ್ಲಿ ಯಾರೋ ಬಿಗಿಯಾಗಿ ಎಳೆದ ಹಾಗೆ ನೋವು. ಒಂದು ಕಾಲೆತ್ತಿ ಪ್ಯಾಂಟು ಹಾಕಿಕೊಳ್ಳಲು ಆಗುವುದಿಲ್ಲ. ಅತ್ತೆ ಬೇರೆ, "ಮಲಗಿದಲ್ಲೇ ಹೊರಳಬೇಡಮ್ಮ, ಎದ್ದು ಕೂತು ಆಮೇಲೆ ಆ ಕಡೆ ತಿರುಗು, ಇಲ್ಲದಿದ್ದರೆ ಮಗುವಿಗೆ ಹೊಕ್ಕಳುಬಳ್ಳಿ ಸುತ್ತಿಕೊಳ್ಳುತ್ತದೆ" ಅನ್ನುತ್ತಾರೆ. ರಾತ್ರಿಗೆ ಎಂಟು ಸಲ ಎದ್ದು ಕೂರುವುದು ಅಂದರೆ ನಿದ್ದೆ ಎಲ್ಲಿಂದ ಬರಬೇಕು?

ಊಟ ಆದಮೇಲೆ ಗಂಟಲವರೆಗೂ ಉರಿ. ಬೆಳಗಿನ ಜಾವ ಮೀನಖಂಡ ಹಿಡಿದುಕೊಂಡು ಕಿರುಚಿಕೊಂಡು ಏಳುತ್ತೇನೆ. ಕಾಲು ಸಂಜೆಗೆ ಬನ್ನಿನ ಹಾಗೆ ಊದುತ್ತದೆ. ಅಂಗೈ, ಅಂಗಾಲು ರಾತ್ರಿ ಹೊತ್ತು ಕೆರೆತ, ಒಣ ಚರ್ಮ ಇರಬೇಕು, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ.

ಡಾಕ್ಟರ ಹತ್ತಿರ ಮೊದಲನೆಯದನ್ನು ಹೇಳುವಷ್ಟರಲ್ಲೇ "ಕೊನೇ ತಿಂಗಳುಗಳಲ್ಲಿ ಇದೆಲ್ಲ ಇದ್ದದ್ದೇ" ಅಂದುಬಿಟ್ಟರು. ಉಳಿದದ್ದು ಹೇಳಲೇ ಇಲ್ಲ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಇದ್ದದ್ದೇ ಇರಬಹುದು, ಆದರೆ ಇನ್ನೂ ಆರು ವಾರ ಹೇಗೆ ತಳ್ಳುವುದು?

---

ಗಿರಿನಗರದಮ್ಮ · ಸೋಮವಾರ, ಬೆಳಿಗ್ಗೆ 6.40

ಎರಡು ಹೆತ್ತವಳು ನಾನು. ಎದೆಯುರಿ ಬಗ್ಗೆ ಮಾತ್ರ ಹೇಳುತ್ತೇನೆ, ಅದರಲ್ಲಿ ನಾನು ಡಿಗ್ರಿ ಪಡೆದಿದ್ದೇನೆ.

ಬಸಿರಿನ ಹಾರ್ಮೋನಿನಿಂದ ಅನ್ನನಾಳದ ಕೆಳಗಿನ ಬಾಗಿಲು ಸಡಿಲ ಆಗುತ್ತದೆ. ಕೆಳಗಿಂದ ಗರ್ಭಕೋಶ ಹೊಟ್ಟೆಯನ್ನು ಮೇಲಕ್ಕೆ ಒತ್ತುತ್ತದೆ. ಹುಳಿ ಮೇಲೆ ಬರದೆ ಇನ್ನೇನು ಮಾಡುತ್ತದೆ? ಹಾಗಾಗಿ ರಾತ್ರಿ ಊಟ 7.30ಕ್ಕೇ ಮುಗಿಸಿ. ಮಲಗುವುದಕ್ಕೂ ಊಟಕ್ಕೂ ಎರಡು ಮೂರು ಗಂಟೆ ಅಂತರ ಇರಲಿ. ಹುಳಿ ಸಾರು, ಉಪ್ಪಿನಕಾಯಿ, ಕರಿದದ್ದು ರಾತ್ರಿ ಬೇಡ. ನನಗೆ ಒಗ್ಗಿದ್ದು ಮೊಸರನ್ನ, ಇಡ್ಲಿ, ತೆಳ್ಳಗಿನ ರಾಗಿ ಗಂಜಿ. ಒಂದೇ ಸಲ ತಟ್ಟೆ ತುಂಬ ತಿನ್ನಬೇಡಿ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ.

ತಲೆಗೆ ಮೂರು ದಿಂಬು ಇಟ್ಟರೆ ಕತ್ತು ನೋಯುತ್ತದೆಯೇ ಹೊರತು ಉರಿ ಹೋಗುವುದಿಲ್ಲ. ನಮ್ಮನೆಯವರು ಮಂಚದ ತಲೆಭಾಗದ ಎರಡು ಕಾಲಿಗೆ ಒಂದೊಂದು ಇಟ್ಟಿಗೆ ಕೊಟ್ಟರು. ಅದು ಕೆಲಸ ಮಾಡಿತು. ಮೊದಲ ರಾತ್ರಿ ಅವರೇ ಜಾರಿ ಕೆಳಗೆ ಹೋಗಿ ಮಲಗಿದ್ದರು, ಆ ಮಾತು ಬೇರೆ.

ಸೋಡಾ ಪುಡಿ ಕಲಸಿ ಕುಡಿಯಬೇಡಿ, ಅದರಲ್ಲಿ ಸೋಡಿಯಂ ಜಾಸ್ತಿ. ಅದರ ಬದಲು ಯಾವ ಸಿರಪ್ ಅಂತ ಡಾಕ್ಟರನ್ನೇ ಕೇಳಿ. ಕಬ್ಬಿಣದ ಮಾತ್ರೆ ನುಂಗಿ ಎರಡು ಗಂಟೆಯಾದರೂ ಆದಮೇಲೆ ಅದನ್ನು ತಗೊಳ್ಳಿ, ಇಲ್ಲದಿದ್ದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಅದೇ ಮಾತು, ಎರಡನ್ನೂ ಒಟ್ಟಿಗೆ ನುಂಗಬೇಡಿ. ಮಾತ್ರೆಯ ಬೆನ್ನಿಗೇ ಫಿಲ್ಟರ್ ಕಾಫಿ ಕುಡಿಯುವವರು ನಮ್ಮಲ್ಲಿ ತುಂಬ ಜನ. ನಾನೂ ಕುಡಿಯುತ್ತಿದ್ದೆ. ಹಿಮೋಗ್ಲೋಬಿನ್ ಏರಲಿಲ್ಲ ಅಂತ ಆಮೇಲೆ ಅತ್ತದ್ದೂ ನಾನೇ.

---

ಅಜ್ಜಿ ಆಗಲಿರುವವಳು · ಸೋಮವಾರ, ಬೆಳಿಗ್ಗೆ 8.15

ಎದೆಯುರಿ ಬಂದರೆ ಮಗುವಿಗೆ ತಲೆ ತುಂಬ ಕೂದಲು ಕಣಮ್ಮ. ನನ್ನ ಮಗನ ಹೊತ್ತಿಗೆ ನನಗೆ ಬೆಂಕಿ ಬಿದ್ದ ಹಾಗೆ ಆಗುತ್ತಿತ್ತು. ಹುಟ್ಟಿದಾಗ ಹಣೆವರೆಗೂ ಕೂದಲು.

ಬಸುರಿಯರಿಗೆ ಅಂತ ಮಾರುವ ದಿಂಬಿಗೆ ಮೂರು ಸಾವಿರ ಕೊಡಬೇಡ. ಎರಡು ಹಳೇ ಕಾಟನ್ ಸೀರೆ ಉದ್ದಕ್ಕೆ ಸುರುಳಿ ಸುತ್ತಿ, ದಾರ ಕಟ್ಟಿ, ಮೇಲೊಂದು ದಿಂಬಿನ ಗವಸು ಹಾಕು. ಮೊಣಕಾಲುಗಳ ನಡುವೆ ಒಂದು, ಹೊಟ್ಟೆಯ ಅಡಿಗೆ ಒಂದು. ಬೆನ್ನಿಗೆ ಒರಗುದಿಂಬು.

ನಿಮ್ಮ ಅತ್ತೆ ಹೇಳಿದ್ದು ನಮ್ಮ ಕಾಲದಿಂದಲೂ ಇದೆ. ಎದ್ದು ಕೂತೇ ತಿರುಗಬೇಕು. ನಾನೂ ನನ್ನ ಸೊಸೆಗೆ ಅದನ್ನೇ ಹೇಳಿದ್ದೇನೆ.

---

ಫಿಸಿಯೋ ಮಲ್ಲೇಶ್ವರ · ಸೋಮವಾರ, ಮಧ್ಯಾಹ್ನ 1.05

ಅಜ್ಜಿಗೆ ನಮಸ್ಕಾರ, ಆದರೆ ಇಲ್ಲಿ ಸ್ವಲ್ಪ ಜಗಳ ಆಡಬೇಕು. ಈ ನೋವಿಗೆ ಎದ್ದು ಕೂತು ತಿರುಗುವುದು ಇನ್ನೂ ಕೆಟ್ಟದ್ದು.

ಸೊಂಟದ ಎರಡು ಮೂಳೆಗಳು ಮುಂದುಗಡೆ ಸೇರುವ ಜಾಗ ಅದು. ಬಸಿರಿನಲ್ಲಿ ಅಲ್ಲಿನ ಕಟ್ಟು ಸಡಿಲ ಆಗುತ್ತದೆ. ಒಂದು ಕಾಲಿಗೆ ಭಾರ ಬಿದ್ದಾಗ, ಕಾಲು ಅಗಲಿಸಿದಾಗ ಎರಡು ಕಡೆ ಒಂದೇ ಸಮ ಅಲ್ಲಾಡುವುದಿಲ್ಲ. ಅದಕ್ಕೇ ನೋವು. ಮಗುವಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ "ಇದ್ದದ್ದೇ" ಅಂತ ಸುಮ್ನೆ ನರಳಬೇಕಾಗಿಯೂ ಇಲ್ಲ.

ಮಗ್ಗುಲು ಹೀಗೆ ಬದಲಿಸಿ. ಎರಡೂ ಮೊಣಕಾಲು ಮಡಚಿ. ನಡುವೆ ದಿಂಬು ಇಟ್ಟು ಒತ್ತಿ ಹಿಡಿಯಿರಿ, ಜೀನ್ಸ್ ಒಳಗೆ ಎರಡು ಕಾಲೂ ಸಿಕ್ಕಿಕೊಂಡಿವೆ ಅಂದುಕೊಳ್ಳಿ. ಆಮೇಲೆ ಭುಜ, ಸೊಂಟ, ಮೊಣಕಾಲು ಮೂರೂ ಒಟ್ಟಿಗೆ ಹೊರಳಲಿ. ಉಸಿರು ಬಿಡುತ್ತಾ ಹೊರಳಿ. ನುಣುಪಾದ ಸ್ಯಾಟಿನ್ ನೈಟಿ ಇದ್ದರೆ ಇನ್ನೂ ಸುಲಭ, ಬೆಡ್‌ಶೀಟಿಗೆ ಅಂಟಿಕೊಳ್ಳದೆ ಜಾರುತ್ತದೆ. ಏಳುವಾಗ ಮೊದಲು ಪಕ್ಕಕ್ಕೆ ಬಂದು, ಎರಡೂ ಕಾಲು ಒಟ್ಟಿಗೆ ಕೆಳಗೆ ಬಿಟ್ಟು, ಕೈ ಊರಿ ಏಳಿ.

ಪ್ಯಾಂಟು, ಚಪ್ಪಲಿ ಎಲ್ಲ ಕೂತೇ ಹಾಕಿಕೊಳ್ಳಿ. ಮೆಟ್ಟಿಲಿದ್ದರೆ ಒಂದೊಂದೇ. ಕಾರು ಹತ್ತುವಾಗ ಮೊದಲು ಸೀಟಿನ ಮೇಲೆ ಕೂತು, ಆಮೇಲೆ ಎರಡೂ ಕಾಲು ಜೋಡಿಸಿ ಒಳಗೆ ತಿರುಗಿಸಿ. ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಹಾಕಿದರೆ ತಿರುಗುವುದು ಸಲೀಸು. ನಗಬೇಡಿ, ಮಾಡಿ ನೋಡಿ.

ಇನ್ನೊಂದು. ಕೂತು ನೆಲ ಒರೆಸಿದರೆ ನಾರ್ಮಲ್ ಡೆಲಿವರಿ ಆಗುತ್ತದೆ ಅನ್ನುವ ಮಾತು ಮನೆ ಮನೆಯಲ್ಲಿದೆ. ಈ ನೋವು ಇರುವವರು ಅದನ್ನು ಮಾಡಲೇಬಾರದು. ಚಕ್ಕಳಮಕ್ಕಳ ಹಾಕಿ ತುಂಬ ಹೊತ್ತು ಕೂರುವುದೂ ಬೇಡ. ಸೊಂಟದ ಬೆಲ್ಟ್ ಸಿಗುತ್ತದೆ, ಆದರೆ ಅಳತೆ ನೋಡಿ ಹಾಕಿಸಿಕೊಳ್ಳಬೇಕು. ನೋವಿನ ಜೆಲ್ ಹಚ್ಚುವ ಮುಂಚೆ ಟ್ಯೂಬಿನ ಮೇಲೆ ಓದಿ, ಡೈಕ್ಲೋಫೆನಾಕ್ ಇದ್ದರೆ ಈ ತಿಂಗಳುಗಳಲ್ಲಿ ಬೇಡ. ಐಬುಪ್ರೊಫೇನ್ ಕೂಡ ಬೇಡ. ಬೇಕೇ ಬೇಕಾದರೆ ಡಾಕ್ಟರ್ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಕೊಡುತ್ತಾರೆ, ಎಷ್ಟು ಅಂತ ಕೇಳಿಕೊಳ್ಳಿ.

---

ಟಿನ್ ಫ್ಯಾಕ್ಟರಿ ಪ್ರಯಾಣಿಕೆ · ಸೋಮವಾರ, ಮಧ್ಯಾಹ್ನ 2.30

ನಾನು 37ನೇ ವಾರದವರೆಗೂ ಬಿಎಂಟಿಸಿಯಲ್ಲೇ ಓಡಾಡಿದೆ. ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂರಬೇಡಿ, ಪ್ರತಿ ರೋಡ್ ಹಂಪ್‌ಗೂ ಪ್ರಾಣ ಬಾಯಿಗೆ ಬರುತ್ತದೆ. ಮುಂದಿನ ಮಹಿಳೆಯರ ಸೀಟಿನಲ್ಲಿ, ಎರಡು ಚಕ್ರಗಳ ನಡುವೆ ಕೂರಿ. ಯಾರಾದರೂ ಎದ್ದು ಕೊಡುತ್ತಾರೆ ಅಂತ ಕಾಯಬೇಡಿ. ಎಲ್ಲರ ಕಣ್ಣೂ ಮೊಬೈಲ್ ಮೇಲಿರುತ್ತದೆ. "ನಾನು ಬಸುರಿ, ಸೀಟು ಕೊಡಿ" ಅಂತ ಜೋರಾಗಿ ಕೇಳಿ. ಒಮ್ಮೆ ನಾಚಿಕೆ ಬಿಟ್ಟರೆ ಆಯಿತು. ಸಾಮಾನ್ಯವಾಗಿ ಕಂಡಕ್ಟರೇ ಎಬ್ಬಿಸಿ ಕೊಡುತ್ತಾರೆ.

ಕ್ಯಾಬ್ ಆದರೆ ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ತೊಡೆಗೆ ತಾಗಿ ಬರಬೇಕು. ಮೇಲಿನ ಪಟ್ಟಿ ಎದೆಯ ನಡುವೆ. ಬೆಲ್ಟ್ ಬೇಡ ಅನ್ನುವ ಮಾತೇ ಇಲ್ಲ.

ದರ್ಶಿನಿಯಲ್ಲಿ ಕೂರಲು ಜಾಗ ಇಲ್ಲದ್ದು ಎಷ್ಟು ದೊಡ್ಡ ಅನ್ಯಾಯ ಅಂತ ನನಗೆ ಒಂಬತ್ತನೇ ತಿಂಗಳಲ್ಲೇ ಗೊತ್ತಾಗಿದ್ದು.

---

ರಾತ್ರಿಪಾಳಿ ಸಿಸ್ಟರ್ · ಸೋಮವಾರ, ಸಂಜೆ 7.50

ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಡ್ಯೂಟಿಗೆ ಹೊರಟಿದ್ದೆ, ಇದನ್ನು ಓದಿ ನಿಂತೆ.

ಎಲ್ಲರೂ ಸೊಂಟ, ಎದೆಯುರಿ, ಬಸ್ಸು ಅಂತ ಹೇಳಿದ್ದೀರಿ. ಎಲ್ಲ ಸರಿ. ಆದರೆ ಆ ಹುಡುಗಿ ಒಂದು ಮಾತು ಕೊನೆಯಲ್ಲಿ ಸುಮ್ನೆ ಸೇರಿಸಿದ್ದಾಳೆ, ಯಾರೂ ನೋಡಿಲ್ಲ. ಅಂಗೈ, ಅಂಗಾಲು ಕೆರೆತ. ಅದೂ ರಾತ್ರಿ.

ಅಮ್ಮಾ, ಇದಕ್ಕೆ ಉತ್ತರ ಕೊಡಿ. ಗುಳ್ಳೆ, ದದ್ದು ಏನಾದರೂ ಇದೆಯಾ? ಅಥವಾ ಕೆರೆದ ಗುರುತು ಬಿಟ್ಟು ಬೇರೇನೂ ಇಲ್ಲವಾ? ಮೂತ್ರ ಕಡು ಹಳದಿ ಆಗಿದೆಯಾ? ಎಷ್ಟು ದಿನದಿಂದ?

ಹೊಟ್ಟೆಯ ಚರ್ಮ ಬಿಗಿದು ಕೆರೆಯುವುದು ಬೇರೆ, ಅದು ಎಷ್ಟೋ ಜನಕ್ಕೆ ಇರುತ್ತದೆ. ದದ್ದು ಇಲ್ಲದೆ ಅಂಗೈ ಅಂಗಾಲು ಕೆರೆಯುವುದು ಕೆಲವು ಸಲ ಪಿತ್ತಜನಕಾಂಗದ, ಅಂದರೆ ಲಿವರಿನ ತೊಂದರೆ. ಪಿತ್ತರಸ ಸರಿಯಾಗಿ ಹರಿಯದೆ, ಅದರ ಆಮ್ಲ ರಕ್ತಕ್ಕೆ ಸೇರುತ್ತದೆ. ತಾಯಿಗೆ ಮುಖ್ಯವಾಗಿ ಕೆರೆತ, ಹೆರಿಗೆ ಆದಮೇಲೆ ಹೋಗುತ್ತದೆ. ಆದರೆ ಆ ಆಮ್ಲ ತುಂಬ ಏರಿದರೆ ಮಗುವಿಗೆ ಅಪಾಯ. ರಕ್ತ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ: ಲಿವರ್ ಹೇಗಿದೆ ಅಂತ ನೋಡುವ ಎಲ್‌ಎಫ್‌ಟಿ, ಜೊತೆಗೆ ಆ ಆಮ್ಲ ಅಳೆಯುವ ಬೈಲ್ ಆಸಿಡ್. ಎಲ್‌ಎಫ್‌ಟಿ ಒಂದೇ ಸಾಲದು, ಎರಡೂ ಕೇಳಿ.

ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಮುಂದಿನ ಚೆಕಪ್ ತನಕ ಕಾಯಬೇಡಿ. ಮಗುವಿನ ಓಡಾಟ ಹೇಗಿದೆ ಅಂತಲೂ ಬರೆಯಿರಿ.

ಬಳ್ಳಿ ವಿಷಯ: ನೀವು ಹೊರಳುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಮಗು ಒಳಗೆ ತಾನೇ ಪಲ್ಟಿ ಹೊಡೆದು ಸುತ್ತಿಕೊಳ್ಳುತ್ತದೆ. ಹೆಚ್ಚು ಕಡಿಮೆ ನಾಲ್ಕರಲ್ಲೊಂದು ಮಗು ಕುತ್ತಿಗೆಗೆ ಬಳ್ಳಿ ಸುತ್ತಿಕೊಂಡೇ ಹುಟ್ಟುತ್ತದೆ. ಸಡಿಲವಾಗಿದ್ದರೆ ತಲೆ ಬಂದ ಕೂಡಲೇ ನಾವೇ ಮೇಲಿಂದ ತೆಗೆದುಬಿಡುತ್ತೇವೆ. ಹೊರಳಿ, ಧಾರಾಳವಾಗಿ ಹೊರಳಿ. ಆದರೆ ನಿದ್ದೆಗೆ ಜಾರುವಾಗ ಎಡ ಇಲ್ಲವೇ ಬಲ ಮಗ್ಗುಲಿನಲ್ಲಿರಿ. 28 ವಾರ ಆದಮೇಲೆ ಅಂಗಾತ ಮಲಗುವುದು ಬೇಡ, ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ಎಚ್ಚರ ಆದಾಗ ಅಂಗಾತ ಇದ್ದರೆ ಗಾಬರಿ ಬೇಡ, ಪಕ್ಕಕ್ಕೆ ತಿರುಗಿ ಮಲಗಿ.

---

ನಿದ್ದೆಗೆಟ್ಟವಳು · ಸೋಮವಾರ, ರಾತ್ರಿ 9.20

ಸಿಸ್ಟರ್, ಹತ್ತು ದಿನದಿಂದ ಇದೆ. ದದ್ದು ಇಲ್ಲ. ಮೂತ್ರ ಸ್ವಲ್ಪ ಕಡು ಬಣ್ಣ, ಬಿಸಿಲಿಗೆ ನೀರು ಕಡಿಮೆ ಆಯಿತು ಅಂದುಕೊಂಡಿದ್ದೆ. ಮಗು ಚೆನ್ನಾಗಿ ಒದೆಯುತ್ತಿದೆ, ಈಗಲೂ. ಆಸ್ಪತ್ರೆಗೆ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದಾರೆ. ಕೈ ನಡುಗುತ್ತಿದೆ.

---

ರಾತ್ರಿಪಾಳಿ ಸಿಸ್ಟರ್ · ಸೋಮವಾರ, ರಾತ್ರಿ 11.45

ಹೆದರಬೇಡಿ. ಗೊತ್ತಾದರೆ ನೋಡಿಕೊಳ್ಳುವುದಕ್ಕೆ ದಾರಿ ಇದೆ. ರಾತ್ರಿ ಮಗುವಿನ ಓಡಾಟ ಕಡಿಮೆ ಅನಿಸಿದರೆ ಎಡಮಗ್ಗುಲಿಗೆ ಮಲಗಿ ಎಣಿಸಿ. ಎರಡು ಗಂಟೆಯೊಳಗೆ ಹತ್ತು ಸಲ ಆಗದಿದ್ದರೆ, ಅಥವಾ ಮಾಮೂಲಿಗಿಂತ ಬೇರೆ ಥರ ಅನಿಸಿದರೆ, ಬೆಳಗಾಗಲಿ ಅನ್ನಬೇಡಿ, ಹೊರಡಿ. ಐಸ್ ನೀರು ಕುಡಿದು, ಸಿಹಿ ತಿಂದು ನೋಡೋಣ ಅಂತ ಹೊತ್ತು ಕಳೆಯುವವರನ್ನು ತುಂಬ ನೋಡಿದ್ದೇನೆ.

---

ಹಸಿರು ಬಳೆ · ಮಂಗಳವಾರ, ಬೆಳಿಗ್ಗೆ 7.30

ನನ್ನದೂ ಹೇಳಿಬಿಡುತ್ತೇನೆ. ಕಾಲು ಊದುವುದು ಎಲ್ಲರಿಗೂ ಅಂತ ನಾನೂ ಸುಮ್ಮನಿದ್ದೆ. ಏಪ್ರಿಲ್ ತಿಂಗಳ ಸೆಕೆ ಬೇರೆ. ಸೀಮಂತದಲ್ಲಿ ತೊಡಿಸಿದ ಬಳೆಗಳು ಎರಡೇ ವಾರದಲ್ಲಿ ಕೈಗೆ ಕಚ್ಚಿಕೊಂಡವು. ಎಲ್ಲರೂ "ಮೈ ತುಂಬಿಕೊಂಡಿದ್ದೀಯ" ಅಂತ ಖುಷಿಪಟ್ಟರು. ಒಂದು ದಿನ ಬೆಳಿಗ್ಗೆ ಕಣ್ಣಿನ ಸುತ್ತ ಊದಿತ್ತು, ತಲೆ ಸಿಡಿಯುತ್ತಿತ್ತು. ಟಿವಿ ಅಕ್ಷರ ಮಂಜಾಗಿ ಕಂಡಿತು. ಬಿಪಿ 160 ದಾಟಿತ್ತು. ಮೂತ್ರದಲ್ಲಿ ಪ್ರೋಟೀನ್. ಮೂರೇ ದಿನಕ್ಕೆ ಹೆರಿಗೆ ಮಾಡಿಸಿದರು, 35ನೇ ವಾರ. ಮಗನಿಗೆ ಈಗ ನಾಲ್ಕು ವರ್ಷ, ಸೋಫಾ ಮೇಲಿಂದ ಹಾರುತ್ತಿದ್ದಾನೆ.

ಸಂಜೆ ಊದಿ, ಕಾಲು ಎತ್ತಿ ಇಟ್ಟರೆ ಬೆಳಿಗ್ಗೆಗೆ ಇಳಿಯುವ ಊತ ಬೇರೆ. ಮುಖ, ಕೈ ಒಮ್ಮೆಲೇ ಊದುವುದು ಬೇರೆ. ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಕೂಡಲೇ ಬಿಪಿ ನೋಡಿಸಿ. 140/90 ಅಂದರೇ ಜಾಸ್ತಿ. ಇದನ್ನು ನನಗೆ ಯಾರೂ ಮುಂಚೆ ಹೇಳಿರಲಿಲ್ಲ. ಚೆಕಪ್‌ಗೆ ಹೋದಾಗೆಲ್ಲ ಬಿಪಿ ನೋಡುತ್ತಿದ್ದರು, ಏಕೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

---

ಅಪ್ಪ ಆಗೋನು · ಮಂಗಳವಾರ, ಮಧ್ಯಾಹ್ನ 12.10

ಗಂಡಸರು ಇಲ್ಲಿ ಬರೆಯಬಹುದಾ? ಹೆಂಡತಿಗೆ 37 ವಾರ. ಎದೆಯುರಿ ಅಂತ ತಿಂಗಳಿಂದ ಕೂತೇ ನಿದ್ದೆ ಮಾಡುತ್ತಿದ್ದಾಳೆ. ಇಟ್ಟಿಗೆ ಇವತ್ತೇ ತರುತ್ತೇನೆ. ಮೀನಖಂಡ ಹಿಡಿದುಕೊಂಡಾಗ ನಾನು ಏನು ಮಾಡಬೇಕು? ಉಜ್ಜಲು ಹೋದರೆ ಬೈಯುತ್ತಾಳೆ.

---

ಫಿಸಿಯೋ ಮಲ್ಲೇಶ್ವರ · ಮಂಗಳವಾರ, ಮಧ್ಯಾಹ್ನ 12.40

ಬರೆಯಿರಿ ಸರ್, ಇನ್ನೂ ನಾಲ್ಕು ಜನ ಬರಲಿ. ಉಜ್ಜುವುದು ಆಮೇಲೆ. ಮೊದಲು ಮೊಣಕಾಲು ನೆಟ್ಟಗೆ ಮಾಡಿಸಿ, ಒಂದು ಕೈಯಲ್ಲಿ ಹಿಮ್ಮಡಿ ಹಿಡಿದು, ಇನ್ನೊಂದು ಕೈಯಲ್ಲಿ ಕಾಲ್ಬೆರಳುಗಳನ್ನು ಅವರ ಮುಖದ ಕಡೆಗೆ ಮೆಲ್ಲಗೆ ಒತ್ತಿ. ಸ್ನಾಯು ಬಿಡುತ್ತದೆ. ಮಲಗುವ ಮುಂಚೆ ಗೋಡೆಗೆ ಕೈ ಊರಿ, ಒಂದು ಕಾಲು ಹಿಂದಕ್ಕೆ ಇಟ್ಟು, ಹಿಮ್ಮಡಿ ನೆಲಕ್ಕೆ ತಾಗಿಸಿ ಅರ್ಧ ನಿಮಿಷ ನಿಲ್ಲಲಿ. ಎರಡೂ ಕಾಲಿಗೆ ಎರಡೆರಡು ಸಲ. ಒಂದೇ ಕಾಲು ಊದಿ, ಕೆಂಪಾಗಿ, ಬಿಸಿಯಾಗಿ ನೋವು ಬಿಡದೇ ಇದ್ದರೆ ಮಾತ್ರ ಒತ್ತಬೇಡಿ, ಉಜ್ಜಬೇಡಿ. ಅದು ರಕ್ತ ಹೆಪ್ಪುಗಟ್ಟಿದ್ದು ಇರಬಹುದು, ಆಸ್ಪತ್ರೆಗೆ ಹೊರಡಿ.

---

ಗಿರಿನಗರದಮ್ಮ · ಮಂಗಳವಾರ, ಮಧ್ಯಾಹ್ನ 1.15

ಜೊತೆಗೆ ಇದನ್ನೂ ಮಾಡಿ. ಮನೆಯಿಂದ ಆಸ್ಪತ್ರೆಗೆ ಒಂದು ಸಲ ಸಂಜೆ ಆರಕ್ಕೆ, ಒಂದು ಸಲ ರಾತ್ರಿ ಗಾಡಿ ಓಡಿಸಿ ನೋಡಿ. ನಮ್ಮ ಊರಿನಲ್ಲಿ ದೂರ ಅಂದರೆ ಕಿಲೋಮೀಟರ್ ಅಲ್ಲ, ಟ್ರಾಫಿಕ್. ತಾಯಿ ಕಾರ್ಡ್, ರಿಪೋರ್ಟ್ ಎಲ್ಲ ಒಂದೇ ಚೀಲದಲ್ಲಿ ಬಾಗಿಲ ಹಿಂದೆ ಇರಲಿ. ಕ್ಯಾಬ್ ಸಿಗದಿದ್ದರೆ 108. ಮತ್ತೆ ಅವಳ ಕಾಲುಂಗುರ ಈಗಲೇ ತೆಗೆದಿಡಿ, ನನ್ನದನ್ನು ಕತ್ತರಿಸಬೇಕಾಯಿತು.

---

ಟಿನ್ ಫ್ಯಾಕ್ಟರಿ ಪ್ರಯಾಣಿಕೆ · ಮಂಗಳವಾರ, ಸಂಜೆ 5.00

ನಿದ್ದೆಗೆಟ್ಟವರೇ, ಆಫೀಸಿಗೆ ಇನ್ನೂ ಏಕೆ ಹೋಗುತ್ತಿದ್ದೀರಿ? ಹೆರಿಗೆ ರಜೆಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತಗೊಳ್ಳಬಹುದು. ಎಲ್ಲರೂ ಮಗು ಹುಟ್ಟಿದ ಮೇಲೆ ಇರಲಿ ಅಂತ ಉಳಿಸುತ್ತಾರೆ. ನಾನೂ ಉಳಿಸಿದೆ. ಸರಿಯಾಯಿತಾ ಅಂತ ಈಗಲೂ ಗೊತ್ತಿಲ್ಲ. ಆದರೆ ನಿಮ್ಮದು ಈಗ ಬರೀ ಸುಸ್ತಿನ ಮಾತಲ್ಲ. ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಮನೆಯಿಂದಲೇ ಕೆಲಸ ಕೇಳಿ.

---

ನಿದ್ದೆಗೆಟ್ಟವಳು · ಗುರುವಾರ, ಸಂಜೆ 6.30

ರಿಪೋರ್ಟ್ ಬಂತು. ಬೈಲ್ ಆಸಿಡ್ 31. ಎಲ್‌ಎಫ್‌ಟಿ ಸ್ವಲ್ಪ ಏರಿದೆ. ಸಿಸ್ಟರ್ ಹೇಳಿದ್ದೇ ಆಯಿತು.

ಈ ಸಲ ಡಾಕ್ಟರ್ ಇಪ್ಪತ್ತು ನಿಮಿಷ ಕೂರಿಸಿಕೊಂಡು ಮಾತಾಡಿದರು. ಮಗುವಿಗೆ ನಿಜವಾದ ಅಪಾಯ 100 ದಾಟಿದರೆ, ನಿಮ್ಮದು ಕಡಿಮೆ ಮಟ್ಟದ್ದು ಅಂದರು. ಆದರೆ ಏರಬಹುದು, ಹಾಗಾಗಿ ವಾರ ವಾರ ರಕ್ತ ಪರೀಕ್ಷೆ. ಹೆರಿಗೆ ಯಾವಾಗ ಅಂತ 38ನೇ ವಾರದ ಹೊತ್ತಿಗೆ ನಂಬರ್ ನೋಡಿ ತೀರ್ಮಾನ. ಮಾತ್ರೆ ಬರೆದಿದ್ದಾರೆ. ಕೆರೆತ ಪೂರ್ತಿ ಹೋಗುತ್ತದೆ ಅಂತ ಹೇಳಲಾರೆ ಅಂತಲೂ ಅಂದರು, ಆ ನೇರ ಮಾತು ನನಗೆ ಇಷ್ಟ ಆಯಿತು. ಮಲಗುವ ಮುಂಚೆ ತಣ್ಣೀರಲ್ಲಿ ಕಾಲು ಅದ್ದಿ ಕೂರುತ್ತೇನೆ, ಫ್ಯಾನ್ ಜೋರಾಗಿ ಹಾಕಿಕೊಳ್ಳುತ್ತೇನೆ. ಸ್ವಲ್ಪ ಹೊತ್ತು ಹಾಯ್ ಅನಿಸುತ್ತದೆ.

"ಕೆರೆತ ಇದೆ ಅಂತ ಮೊದಲೇ ಏಕೆ ಹೇಳಲಿಲ್ಲ?" ಅಂತ ಅವರು ಕೇಳಿದರು. "ನೀವು ಇದ್ದದ್ದೇ ಅಂದಿರಿ" ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಈಗ ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ, ಓದಿ ಮುಗಿಸುವ ತನಕ ಕುರ್ಚಿಯಿಂದ ಏಳುವುದಿಲ್ಲ.

ಅತ್ತೆಗೆ ಬಳ್ಳಿಯ ವಿಷಯ ಓದಿ ಹೇಳಿದೆ. "ನರ್ಸಮ್ಮ ಹೇಳಿದ್ದಾ? ಹಾಗಿದ್ದರೆ ಸರಿ" ಅಂದರು. ನಾನು ಹೇಳಿದ್ದರೆ ಕೇಳುತ್ತಿರಲಿಲ್ಲ.

---

ಅಜ್ಜಿ ಆಗಲಿರುವವಳು · ಗುರುವಾರ, ರಾತ್ರಿ 8.10

ನಾನೂ ನನ್ನ ಸೊಸೆಗೆ ಹೇಳಿದೆ ಕಣಮ್ಮ, ಹೊರಳಿಕೋ ಅಂತ. ಅವಳು ಹೇಗಿದ್ದರೂ ಹೊರಳುತ್ತಲೇ ಇದ್ದಳಂತೆ, ನನ್ನೆದುರಿಗೆ ಮಾತ್ರ ಎದ್ದು ಕೂರುತ್ತಿದ್ದಳಂತೆ.

---

ನಿದ್ದೆಗೆಟ್ಟವಳು · ಮೂರು ವಾರದ ನಂತರ, ಬೆಳಗಿನ ಜಾವ 3.05

ಕಳೆದ ವಾರದ ಬೈಲ್ ಆಸಿಡ್ ನಂಬರ್ 29, ನಿನ್ನೆಯದು 38. ಕಾಯುವುದು ಬೇಡ ಅಂದಿದ್ದಾರೆ. ಸೋಮವಾರ ಬೆಳಿಗ್ಗೆ ಅಡ್ಮಿಟ್. ಅಮ್ಮ ಹಾಸನದಿಂದ ಬಂದಿದ್ದಾರೆ, ಬಾಣಂತನದ ಡಬ್ಬಗಳಿಂದ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಸೀರೆ ದಿಂಬು ಮಾಡಿಕೊಟ್ಟವರೂ ಅವರೇ. ಇವತ್ತು ನಾಲ್ಕು ಸಲ ಮಗ್ಗುಲು ಬದಲಿಸಿದೆ. ನೋವಿತ್ತು, ಆದರೆ ಕಿರುಚಲಿಲ್ಲ. ಮಗು ಈಗ ಪಕ್ಕೆಗೆ ಒದೆಯುತ್ತಿದೆ.

---

ಅಪ್ಪ ಆಗೋನು · ಅದೇ ದಿನ, ಬೆಳಿಗ್ಗೆ 9.30

ಒಳ್ಳೆಯದಾಗಲಿ ಅಕ್ಕ. ನಮ್ಮನೆಗೆ ಹೆಣ್ಣು ಮಗು ಬಂದು ಹನ್ನೊಂದು ದಿನ ಆಯಿತು. ರಾತ್ರಿ ಎರಡು ಗಂಟೆಗೆ ಹೊರಟೆವು, ರಸ್ತೆ ಖಾಲಿ, ಹದಿನೆಂಟು ನಿಮಿಷ. ಸಂಜೆ ನೋಡಿದಾಗ ಒಂದು ಗಂಟೆ ಹತ್ತು ನಿಮಿಷ ಆಗಿತ್ತು. ಇಟ್ಟಿಗೆ ಇನ್ನೂ ಮಂಚದ ಕೆಳಗೇ ಇವೆ.

ಅಜ್ಜಿ, ಎದೆಯುರಿ ಅಷ್ಟು ಇತ್ತಲ್ಲ, ಮಗುವಿನ ತಲೆ ಮಾತ್ರ ಗೋಲಿ ಥರ ನುಣ್ಣಗಿದೆ.

---

ಅಜ್ಜಿ ಆಗಲಿರುವವಳು · ಅದೇ ದಿನ, ಬೆಳಿಗ್ಗೆ 9.42

ಬರುತ್ತದೆ ಬಿಡಪ್ಪ.